ಡಬ್ಬಿಯ ಹಿಮ್ಮೇಳ

ಮಂಗಳವ್ವನ ಹಿಮ್ಮೇಳ ಈಗ ಒಂದು ಡಬ್ಬಿಯೊಳಗಿತ್ತು. ಅಡುಗೆಮನೆಯ ಮಸಾಲೆ ಡಬ್ಬಿಗಿಂತ ತುಸು ದೊಡ್ಡದು, ಮೈಯೆಲ್ಲ ಲೋಹ, ಮೇಲೆ ತಿರುಗಿಸುವ ಒಂದಿಷ್ಟು ಗುಂಡಿ, ಕೆಳಗೆ ಕಾಲಿನಿಂದ ಒತ್ತುವ ಒಂದು ಗುಂಡಿ, ನಡುವೆ ಮಿಣುಕುವ ಕೆಂಪು ದೀಪ. ಅದಕ್ಕೆ ಡಿಲೇ ಪೆಡಲ್ ಎನ್ನುತ್ತಾರೆಂದು ಅಕ್ಕನ ಮಗ ದುರುಗೇಶ ಎಷ್ಟು ಸಲ ಹೇಳಿಕೊಟ್ಟರೂ ಆಕೆ ಹೂಂ ಹೂಂ ಎಂದು ಕೇಳಿ ಮತ್ತೆ ಡಬ್ಬಿ ಎಂದೇ ಕರೆಯುತ್ತಿದ್ದಳು. ಐವತ್ತು ದಾಟಿದ ಹೆಂಗಸಿಗೆ ತಾನಿಟ್ಟ ಹೆಸರೇ ಹೆಸರು. ದುರುಗೇಶನೂ ಕಡೆಗೆ ಸೋತು ಡಬ್ಬಿ ಎನ್ನಲು ಶುರುಮಾಡಿದ.

ಗೀಗೀ ಪದ ಒಬ್ಬರಿಂದ ಆಗುವ ಕೆಲಸವಲ್ಲ. ಮುಂದೆ ನಿಂತವರು ದಪ್ಪು ಬಡಿಯುತ್ತ ಕಥೆ ಹಾಡಿಕೊಂಡು ಹೋಗಬೇಕು. ನುಡಿ ಮುಗಿದಲ್ಲಿ ಹಿಂದೆ ನಿಂತವರು ತುಂತುಣಿ ಮೀಟುತ್ತ ‘ಗೀಯ ಗಾ’ ಎಂದು ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಮುಂದಿನವರು ಉಸಿರು ತೆಗೆದುಕೊಳ್ಳುತ್ತಾರೆ, ಉಗುಳು ನುಂಗುತ್ತಾರೆ, ಮುಂದಿನ ನುಡಿ ನೆನೆಸಿಕೊಳ್ಳುತ್ತಾರೆ. ನೆನಪಾಗದಿದ್ದರೆ ಹಿಮ್ಮೇಳದ ಒಬ್ಬರು ಗೀಯ ಗಾವನ್ನು ಇನ್ನೊಂದು ಸುತ್ತು ಎಳೆಯುತ್ತಾರೆ, ಇನ್ನೊಬ್ಬರು ಆ ಗದ್ದಲದಲ್ಲೇ ಕಿವಿಯ ಹತ್ತಿರ ಬಗ್ಗಿ ಮರೆತ ಮಾತನ್ನು ಹೇಳಿಬಿಡುತ್ತಾರೆ. ಎದುರಿಗೆ ಕುಳಿತ ಮಂದಿಗೆ ಅದೆಲ್ಲ ಪದದ ಸೊಗಸೆಂದೇ ಕಾಣುತ್ತದೆ.

ಮಂಗಳವ್ವನ ಎಡಗಿವಿಯ ಹತ್ತಿರ ಹಾಗೆ ಬಗ್ಗುತ್ತಿದ್ದವಳು ಬ್ಯಾಡಗಿಯ ದೇವವ್ವ. ಮೇಳದ ಮೂರನೆಯವರು ಬಂದರು, ಹೋದರು. ಒಬ್ಬಳಿಗೆ ಮದುವೆಯಾಯಿತು, ಒಬ್ಬಳಿಗೆ ಗಂಡ ಬೇಡವೆಂದ. ದೇವವ್ವ ಮಾತ್ರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಎಡಗಡೆಯ ಜಾಗ ಬಿಟ್ಟು ಕದಲಲಿಲ್ಲ. ಮಂಗಳವ್ವ ರಾಣೇಬೆನ್ನೂರಿನಿಂದ, ದೇವವ್ವ ಬ್ಯಾಡಗಿಯಿಂದ ಬಸ್ಸು ಹಿಡಿದು ಎಲ್ಲೋ ಒಂದು ಸ್ಟ್ಯಾಂಡಿನಲ್ಲಿ ಕೂಡುತ್ತಿದ್ದರು. ಒಬ್ಬಳ ಗಂಟಿನಲ್ಲಿ ರೊಟ್ಟಿ, ಇನ್ನೊಬ್ಬಳ ಡಬ್ಬದಲ್ಲಿ ಪುಂಡಿಪಲ್ಯ. ಇಬ್ಬರಿಗೂ ಗಂಡಂದಿರು ತೀರಿಕೊಂಡಿದ್ದರು. ಅದರ ಬಗ್ಗೆ ಅವರು ಒಂದು ದಿನವೂ ಮಾತಾಡಿದವರಲ್ಲ, ಮಾತಾಡದೆಯೇ ಒಬ್ಬರಿಗೊಬ್ಬರು ಗೊತ್ತಿದ್ದರು.

ಆ ಜೋಡಿ ಮುರಿದದ್ದು ಒಂದೇ ಮಾತಿಗೆ. ಹಿರೇಕೆರೂರಿನ ಕಡೆಯ ಒಂದು ಕಾರ್ಯಕ್ರಮ. ಮೈಕಿನವನು ಎಂದಿನಂತೆ ‘ಮಂಗಳವ್ವ ಮತ್ತು ಸಂಗಡಿಗರು’ ಎಂದು ಕೂಗಿದ. ಇಷ್ಟು ವರ್ಷ ಹಾಗೆಯೇ ಕೂಗಿದ್ದರು. ಮುಂದೆ ನಿಂತವರಿಗೆ ಹೆಸರು, ಹಿಂದೆ ನಿಂತವರೆಲ್ಲ ಸಂಗಡಿಗರು, ಅದು ಈ ಕಡೆಯ ವೇದಿಕೆಗಳ ರೂಢಿ. ಅವತ್ತು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರೊಟ್ಟಿ ಮುರಿಯುತ್ತ ದೇವವ್ವ ಮೆಲ್ಲಗೆ ಬಾಯಿಬಿಟ್ಟಳು.

“ಮಂಗಳಕ್ಕ, ಒಮ್ಮ್ಯಾದ್ರೂ ನನ್ನ ಹೆಸರು ಹೇಳಸ್ ಅವರ ಕೈಲೆ.”

“ಗೀಯ ಗಾ ಅನ್ನಾಕ ಹೆಸರ ಯಾಕ ಬೇಕವಾ?” ಎಂದು ಮಂಗಳವ್ವ ನಕ್ಕಳು.

ಚೇಷ್ಟೆಗೆ ಆಡಿದ ಮಾತು. ಆದರೆ ನಕ್ಕವಳು ಒಬ್ಬಳೇ. ದೇವವ್ವ ಉಳಿದ ರೊಟ್ಟಿಯನ್ನು ಮಡಚಿ ಗಂಟಿಗೆ ಹಾಕಿಕೊಂಡಳು, ಬ್ಯಾಡಗಿಯ ಬಸ್ಸು ಬಂದಾಗ ಹತ್ತಿ ಕುಳಿತಳು, ಕಿಟಕಿಯಿಂದ ಇತ್ತ ನೋಡಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಫೋನು ಮಾಡಿದರೆ ಮೈಯಲ್ಲಿ ಆರಾಮಿಲ್ಲ ಎಂದಳು. ಅದರ ಮುಂದಿನದಕ್ಕೆ ಫೋನೇ ಎತ್ತಲಿಲ್ಲ.

ತಪ್ಪು ಯಾರದೆಂದು ಮಂಗಳವ್ವನಿಗೆ ಅಂದೇ ಗೊತ್ತಿತ್ತು. ಬಸ್ಸು ಹತ್ತಿದರೆ ಬ್ಯಾಡಗಿ ದೂರದ ಊರೇನಲ್ಲ. ಆದರೆ ಹೋಗಿ ತಪ್ಪಾಯಿತು ಎನ್ನುವುದಿದೆಯಲ್ಲ, ಆ ಹಾದಿ ಆಕೆಗೆ ಕಾಶಿಗಿಂತ ದೂರವಾಗಿ ಕಂಡಿತು. ತಾನಾಗಿ ಹೋದವಳು ತಾನಾಗಿಯೇ ಬರಲಿ ಎಂದು ಹಟ ಹಿಡಿದು ಕೂತಳು. ಬೇರೆ ಹೆಂಗಸರನ್ನು ಹಿಮ್ಮೇಳಕ್ಕೆ ಕರೆದು ನೋಡಿದಳು. ಒಬ್ಬಳ ದನಿ ಮೂಗಿನಿಂದ ಬರುತ್ತದೆ, ಇನ್ನೊಬ್ಬಳು ಹಾಡುವಾಗ ಮಂದಿಯನ್ನೇ ನೋಡುತ್ತ ನಿಲ್ಲುತ್ತಾಳೆ ಎಂದು ಹೆಸರಿಟ್ಟು ಎಲ್ಲರನ್ನೂ ಕಳಿಸಿದಳು. ನಿಜವೆಂದರೆ ಅವರಾರೂ ದೇವವ್ವ ಆಗಿರಲಿಲ್ಲ, ಅದೊಂದೇ ಅವರ ತಪ್ಪು.

ಆಗ ದುರುಗೇಶ ಈ ಡಬ್ಬಿ ತಂದ. ಅವನು ರಾಣೇಬೆನ್ನೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನು, ಮದುವೆ ಆರತಕ್ಷತೆಗಳಲ್ಲೇ ಕೂದಲು ಬೆಳ್ಳಗಾಗತೊಡಗಿದವನು. ಚಿಗವ್ವ ಕಾರ್ಯಕ್ರಮ ಬಿಟ್ಟು ಖಾನಾವಳಿಗೆ ರೊಟ್ಟಿ ಬಡಿಯುತ್ತ, ಯಾರೊಂದಿಗೂ ಮಾತಿಲ್ಲದೆ ಕೂತಿದ್ದು ಅವನಿಗೆ ನೋಡಲಾಗಲಿಲ್ಲ. ಹಲಗೇರಿ ರಸ್ತೆಯ ಆಕೆಯ ಒಂದು ಕೋಣೆಯ ಮನೆಗೆ ಮೈಕು, ಚಿಕ್ಕ ಮಿಕ್ಸರು, ಸ್ಪೀಕರು, ಲ್ಯಾಪ್‌ಟಾಪು, ವೈರುಗಳ ಗಂಟು ಎಲ್ಲ ಹೊತ್ತು ತಂದು ರೊಟ್ಟಿ ಬಡಿಯುವ ಕಲ್ಲಿನ ಪಕ್ಕದಲ್ಲೇ ಹರಡಿದ.

ವಿಷಯ ಇಷ್ಟೇ ಎಂದು ಬಿಡಿಸಿ ಹೇಳಿದ. ಮೈಕಿನಿಂದ ಹೋದ ದನಿಯನ್ನು ಡಬ್ಬಿ ಹಿಡಿದಿಟ್ಟುಕೊಳ್ಳುತ್ತದೆ, ಒಂದು ಸುತ್ತು ತಡೆದು ವಾಪಸು ಕೊಡುತ್ತದೆ, ಮತ್ತೆ ಕೊಡುತ್ತದೆ, ಮತ್ತೆ ಕೊಡುತ್ತದೆ, ಆಮೇಲೆ ಸಣ್ಣಗಾಗಿ ಸುಮ್ಮನಾಗುತ್ತದೆ. ಯಾವಾಗ ಎದ್ದೇಳಬೇಕು, ಎಷ್ಟು ತಡೆಯಬೇಕು, ಯಾವಾಗ ಮಲಗಬೇಕು ಎಂಬುದನ್ನು ಲ್ಯಾಪ್‌ಟಾಪು ಹೇಳುತ್ತದೆ. ಎರಡರ ನಡುವೆ ದಪ್ಪನೆಯ ಒಂದು ವೈರು, ತುದಿಯಲ್ಲಿ ಐದು ಮುಳ್ಳು. ಅದಕ್ಕೆ ಮಿಡಿ ವೈರು ಎಂದು ಹೆಸರು. ಅದರೊಳಗೆ ದನಿ ಓಡುವುದಿಲ್ಲ, ಹುಕುಂ ಮಾತ್ರ ಓಡುತ್ತದೆ. ಇದನ್ನು ಕೇಳಿ ಮಂಗಳವ್ವ, ತನ್ನ ಅತ್ತೆಯ ಬಾಯಿಗೆ ಇಂಥ ವೈರು ಹಾಕಿದ್ದರು ಎಂದಳು.

ನಗೆಯೆಲ್ಲ ಆದಮೇಲೆ ಆಕೆ ದಪ್ಪು ಹಿಡಿದು ಹಾಡಿದಳು. ನುಡಿ ಮುಗಿದಾಗ ತಾನೇ ಒಮ್ಮೆ ಗೀಯ ಗಾ ಎಂದಳು. ಕೆಂಪು ದೀಪ ಎದ್ದಿತು. ಹಿಂದಿನಿಂದ ಯಾರೋ ಗೀಯ ಗಾ ಎಂದರು. ಮಂಗಳವ್ವ ಗಕ್ಕನೆ ಹೊರಳಿ ನೋಡಿದಳು. ಹಿಂದೆ ಹಿಟ್ಟಿನ ಡಬ್ಬ, ಮೊರ, ಗೋಡೆ. ತನ್ನದೇ ದನಿ ತುಸು ಮಂಕಾಗಿ, ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಹಾಡು ನಿಲ್ಲಿಸಿ ಆಕೆ ಸುಮ್ಮನೆ ಕೇಳುತ್ತ ನಿಂತುಬಿಟ್ಟಳು.

ಹೊಂದಿಕೆಗೆ ಹೆಣಗಾಡಬೇಕಾಯಿತು. ಪದ ರಂಗೇರಿದಂತೆ ಮಂಗಳವ್ವನ ಕೈ ಓಡುತ್ತದೆ, ಲ್ಯಾಪ್‌ಟಾಪು ಓಡುವುದಿಲ್ಲ. ದೇವವ್ವನಾದರೆ ಬೆನ್ನು ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ದುರುಗೇಶ ಪ್ರತಿಯೊಂದು ಪದವನ್ನೂ ಹಾಡಿಸಿ, ಎಲ್ಲೆಲ್ಲಿ ಲಯ ಏರಬೇಕು, ಯಾವ ಗಳಿಗೆಗೆ ಡಬ್ಬಿ ಎದ್ದೇಳಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟ. ಅಂದಿನಿಂದ ಪದ ಅದು ಹೇಳಿದ ಹೊತ್ತಿಗೆ ಮುಗಿಯತೊಡಗಿತು. ಒಂದು ನುಡಿ ಹೆಚ್ಚಿಗೆ ಹಾಡಬೇಕೆನಿಸಿದರೂ ಜಾಗವಿಲ್ಲ, ಮಂದಿಯೊಳಗೆ ಒಬ್ಬನನ್ನು ಕೆಣಕಬೇಕೆನಿಸಿದರೂ ಹೊತ್ತಿಲ್ಲ.

ಕುಪ್ಪೇಲೂರಿನ ಶಾಲೆಯಲ್ಲಿ ಮೊದಲ ಸಲ ಹಾಡಿದಾಗ ಮಕ್ಕಳು ಪರದೆಯ ಹಿಂದೆ ಹೋಗಿ ಅಡಗಿಕೊಂಡ ಹೆಂಗಸನ್ನು ಹುಡುಕಿ ಬಂದರು. ಮಾಸ್ತರರು ಬೆರಗಾದರು, ಶಾಲು ಹೊದಿಸಿದರು. ‘ಮಂಗಳವ್ವ ಮತ್ತು ಸಂಗಡಿಗರು’ ಎಂದು ಅಲ್ಲಿಯೂ ಕೂಗಿದ್ದರು, ಯಾರೂ ತಿದ್ದಲಿಲ್ಲ. ವಾಪಸು ಬರುವಾಗ ದುರುಗೇಶ ಬೇರೆ ಕೆಲಸಕ್ಕೆ ಹೋದ, ಮಂಗಳವ್ವ ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಕುಳಿತಳು. ಕಂಡಕ್ಟರು ಬಂದು ಮಂದಿ ನಿಂತಾರ, ಗಂಟು ತೊಡಿ ಮೇಲೆ ಇಟ್ಕೊಳ್ರಿ ಎಂದ. ಇಟ್ಟುಕೊಂಡಳು.

ಊರೂರಿಂದ ಕರೆ ಬರತೊಡಗಿದವು. ಹಾಡು ನಡೆಯಿತು, ಆದರೆ ಬಸ್ಸಿನಲ್ಲಿ ಮಾತಿಲ್ಲ, ರೊಟ್ಟಿಗೆ ಜೊತೆಯಿಲ್ಲ. ಸಂಜೆ ಖಾನಾವಳಿಯ ರೊಟ್ಟಿ ಕೊಟ್ಟು ಬಂದಮೇಲೆ ಆಕೆ ತಾಲೀಮಿನ ನೆಪದಲ್ಲಿ ಡಬ್ಬಿ ಹಚ್ಚುತ್ತಿದ್ದಳು. ಕಾಲಿನಿಂದ ಒತ್ತಿದರೆ ಲ್ಯಾಪ್‌ಟಾಪಿಲ್ಲದೆಯೂ ಅದು ಏಳುತ್ತಿತ್ತು. ಒಂದು ಸಂಜೆ ಏನು ತಿಳಿಯಿತೋ, ಹಾಡುವ ಬದಲು ಮೈಕಿಗೆ ಬಾಯಿ ಹಚ್ಚಿ ಉಂಡ್ಯಾ ಎಂದಳು. ಡಬ್ಬಿ ಉಂಡ್ಯಾ ಎಂದಿತು. ಉಂಡ್ಯಾ, ಉಂಡ್ಯಾ ಎಂದು ಕೇಳುತ್ತ ಕೇಳುತ್ತ ಸಣ್ಣಗಾಯಿತು. ಉತ್ತರ ಕೊಡಬೇಕಾದವಳು ತಾನೇ ಎಂದು ಹೊಳೆದಾಗ ಮಂಗಳವ್ವನಿಗೆ ಅಳು ಬಂತು. ಕೇಳುವವರಿಲ್ಲದ ಕಡೆ ಅಳುವುದಕ್ಕೆ ಸಂಕೋಚವೇಕೆ, ಚೆನ್ನಾಗಿಯೇ ಅತ್ತಳು, ಆಮೇಲೆ ಎದ್ದು ಹಿಟ್ಟು ನಾದಿದಳು.

ದೇವವ್ವ ಈಗ ಮೆಣಸಿನಕಾಯಿಯ ತುಂಬು ಬಿಡಿಸುವ ಕೂಲಿಗೆ ಹೋಗುತ್ತಾಳೆಂದು ಬ್ಯಾಡಗಿಯ ಕಡೆಯವರು ಯಾರೋ ಹೇಳಿದರು. ತುಂಬು ಎಂದರೆ ತೊಟ್ಟು. ರಾಶಿಯ ಮುಂದೆ ಕೂತು ದಿನವಿಡೀ ಕಾಯಿಯಿಂದ ತೊಟ್ಟು ಮುರಿಯುವ ಕೆಲಸ. ಆಕೆಗೂ ಹೇಗೋ ನಡೆಯುತ್ತಿದೆಯಲ್ಲ ಎಂದು ಮಂಗಳವ್ವ ಹುಸಿ ಸಮಾಧಾನ ಮಾಡಿಕೊಂಡಳು. ಹಾಡುವ ಗಂಟಲಿಗೆ ಆ ಘಾಟು ಏನು ಮಾಡೀತೆಂದು ಕೇಳುವ ಬುದ್ಧಿ ಆಗ ಬರಲಿಲ್ಲ.

ಹಾವೇರಿಯಲ್ಲಿ ದೊಡ್ಡದೊಂದು ಜನಪದ ಕಾರ್ಯಕ್ರಮಕ್ಕೆ ಕರೆ ಬಂದಾಗ ಮಂಗಳವ್ವ ಕುಣಿದಾಡುವಷ್ಟು ಹಿಗ್ಗಿದಳು. ದುರುಗೇಶನಿಗೆ ಅದು ಸಂಭಾವನೆಯ ಹಿಗ್ಗೆಂದು ಕಂಡಿತು. ಆಕೆಯ ಲೆಕ್ಕ ಬೇರೆ ಇತ್ತು. ಬ್ಯಾಡಗಿಗೆ ಹಾವೇರಿ ನೆರೆಮನೆ ಇದ್ದಂತೆ. ಗೋಡೆ ಗೋಡೆಗೂ ಹಚ್ಚುವ ಪೋಸ್ಟರಿನಲ್ಲಿ ತನ್ನ ಹೆಸರಿರುತ್ತದೆ. ದೇವವ್ವ ನೋಡುತ್ತಾಳೆ, ತಡೆಯಲಾರದೆ ಬರುತ್ತಾಳೆ, ಹಿಂದೆ ಯಾರೂ ಇಲ್ಲದ್ದನ್ನು ಕಾಣುತ್ತಾಳೆ, ವೇದಿಕೆ ಇಳಿದು ಬಂದಾಗ ಎದುರಿಗೆ ನಿಂತಿರುತ್ತಾಳೆ. ಕರೆಯದೆಯೇ ಬಂದಳೆಂದಾದರೆ ತಪ್ಪಾಯಿತು ಎನ್ನುವ ಪ್ರಸಂಗವೇ ಇಲ್ಲ. ಜಾಣೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡಳು.

ಅವತ್ತು ಮೈದಾನ ತುಂಬಿತ್ತು. ದುರುಗೇಶ ವೇದಿಕೆಯ ಬದಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತ. ಮಂಗಳವ್ವ ಹಾಡಿದ್ದು ತಂಗಿಯ ಪದ. ಗಂಡನ ಮನೆಯಲ್ಲಿ ಒಬ್ಬಂಟಿಯಾದ ತಂಗಿ ತುಂಗಭದ್ರೆಯ ದಂಡೆಗೆ ಬಂದು, ಅಣ್ಣ ಕರೆಯಲು ಬರುತ್ತಾನೆಂದು ದೋಣಿ ಕಾಯುವ ಕಥೆ. ಇಬ್ಬರೂ ಕೂಡಿ ಎಷ್ಟೋ ಊರಲ್ಲಿ ಹೆಂಗಸರನ್ನು ಅಳಿಸಿದ ಪದ. ಮೊದಲ ನುಡಿಗಳು ಸಲೀಸಾಗಿ ಹೋದವು. ಗೀಯ ಗಾ ಎಂದರೆ ಡಬ್ಬಿ ಎತ್ತಿಕೊಂಡಿತು, ಮಂದಿ ತಲೆದೂಗಿದರು. ಮಂಗಳವ್ವನ ಬಾಯಿ ಹಾಡುತ್ತಿತ್ತು, ಕಣ್ಣು ಹೆಂಗಸರ ಸಾಲುಗಳನ್ನು ಜಾಲಾಡುತ್ತಿತ್ತು. ಹಸಿರು ಸೀರೆಯ ಒಬ್ಬಳು ದೇವವ್ವನಂತೆ ಕಂಡಳು. ಅಲ್ಲ. ಕಂಬದ ಹತ್ತಿರ ಇನ್ನೊಬ್ಬಳು. ಅವಳೂ ಅಲ್ಲ.

ಆ ಇನ್ನೊಬ್ಬಳಿಂದ ಕಣ್ಣು ಕಿತ್ತು ತರುವಷ್ಟರಲ್ಲಿ ನುಡಿ ಕೈತಪ್ಪಿತ್ತು. ದಂಡೆಯ ಮೇಲೆ ನಿಂತ ತಂಗಿ ಮುಂದೇನು ಅಂದಳು? ಒಂದಕ್ಷರ ಹೊಳೆಯಲಿಲ್ಲ. ದಪ್ಪು ಬಡಿಯುವ ಕೈ ಬಡಿಯುತ್ತಲೇ ಇತ್ತು. ಇಪ್ಪತ್ತು ವರ್ಷ ಮಾಡಿದ್ದನ್ನೇ ಮೈ ಮಾಡಿತು. ಮಂಗಳವ್ವ ಎಡಕ್ಕೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದಳು.

“ದೇವವ್ವ, ಮುಂದೇನ?”

ಲ್ಯಾಪ್‌ಟಾಪಿಗೆ ಇದೆಲ್ಲ ಏನು ಗೊತ್ತು. ಅದರ ಪ್ರಕಾರ ನುಡಿ ಮುಗಿದು ಗೀಯ ಗಾದ ಹೊತ್ತಾಗಿತ್ತು. ಅದು ಹುಕುಂ ಕೊಟ್ಟಿತು, ಡಬ್ಬಿ ಎದ್ದಿತು, ಎದ್ದ ಗಳಿಗೆಯಲ್ಲಿ ಏನು ಸಿಕ್ಕಿತೋ ಅದನ್ನು ಹಿಡಿಯಿತು. ದೇವವ್ವ ಮುಂದೇನ ಎಂದು ಸ್ಪೀಕರುಗಳು ಇಡೀ ಮೈದಾನಕ್ಕೆ ಕೇಳಿದವು. ಲಯ ತಪ್ಪದೆ ಮತ್ತೆ ಕೇಳಿದವು. ಮತ್ತೆ ಕೇಳಿದವು. ಮೊದಲು ಮಂದಿ ಪದದ ಸಾಲೆಂದು ತಿಳಿದು ಸುಮ್ಮನಿದ್ದರು, ಆಮೇಲೆ ಮುಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ, ನಗು ಹಿಂದಿನವರೆಗೂ ಹರಿಯಿತು. ದುರುಗೇಶ ಗಾಬರಿಯಲ್ಲಿ ಕೈಗೆ ಸಿಕ್ಕ ವೈರು ಕಿತ್ತ. ಕಿತ್ತದ್ದು ಮಿಡಿ ವೈರು. ಮಲಗೆಂಬ ಹುಕುಂ ಬರುವ ಹಾದಿಯೂ ಅದೇ ಆಗಿತ್ತು. ಡಬ್ಬಿ ಎದ್ದದ್ದು ಎದ್ದೇ ಉಳಿಯಿತು. ಮಂದಿಯ ನಗು ಮೈಕಿನೊಳಗೆ ಹೋಗಿ ಅದೂ ಕೂಡಿಕೊಂಡಿತು.

ಕಡೆಗೆ ಮಂಗಳವ್ವನೇ ಎರಡು ಹೆಜ್ಜೆ ಮುಂದೆ ಬಂದು ಕಾಲಿನಿಂದ ಒತ್ತಿ ಅದನ್ನು ಮಲಗಿಸಿದಳು. ಮುಂದಿನ ನುಡಿ ಆಗಲೂ ಬರಲಿಲ್ಲ. ಮಂದಿಗೆ ಕೈಮುಗಿದು ಇಳಿದಳು. ಒಳ್ಳೆಯ ಜನ, ಚಪ್ಪಾಳೆ ತಟ್ಟಿದರು. ಕೆಳಗೆ ಯಾರೂ ನಿಂತಿರಲಿಲ್ಲ.

ದಾರಿಯುದ್ದಕ್ಕೂ ದುರುಗೇಶ ತನ್ನ ತಪ್ಪೆಂದು ಗೋಳಾಡಿದ. ಇನ್ನು ಮೇಲೆ ಹಾಡುವ ಮೊದಲೇ ಗೀಯ ಗಾವನ್ನು ತುಂಬಿಸಿಟ್ಟರಾಯಿತು, ಬಾಯಿತಪ್ಪಿ ಬಂದದ್ದು ಒಳಗೆ ಹೋಗುವುದೇ ಇಲ್ಲ ಎಂದು ಉಪಾಯವನ್ನೂ ಹೇಳಿದ. ಮಂಗಳವ್ವ ಕೇಳಿಸಿಕೊಂಡಳು.

“ಬಾಯಿ ತಪ್ಪಿ ಬಂದದ್ದಲ್ಲಪಾ ಅದು,” ಎಂದಳು. “ಅದೊಂದ ಖರೇ ಮಾತ ನಾ ಈ ವರ್ಷ ಆಡಿದ್ದು.”

ಮರುದಿನ ಖಾನಾವಳಿಗೆ ರೊಟ್ಟಿ ಇಲ್ಲ ಎಂದು ಹೇಳಿ ಕಳಿಸಿ, ಬ್ಯಾಡಗಿಯ ಬಸ್ಸು ಹತ್ತಿದಳು. ಊರು ಇನ್ನೂ ಬರುವ ಮುಂಚೆಯೇ ಘಾಟು ಬಂತು. ಸ್ಟ್ಯಾಂಡಿನಿಂದ ಕೇಳಿಕೊಂಡು ಹೋಗುತ್ತ ಸೀನಿದಳು, ಕೆಮ್ಮಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಒಂದು ಗೋದಾಮಿನ ಅಂಗಳದಲ್ಲಿ ಕೆಂಪು ರಾಶಿಗಳ ಸುತ್ತ ಹೆಂಗಸರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು, ಕಣ್ಣು ಮಾತ್ರ ಕಾಣುತ್ತಿದ್ದವು. ಇಷ್ಟು ವರ್ಷ ಎಡಗಡೆ ನಿಂತವಳನ್ನು ಎದುರಿನಿಂದ ನೋಡಿದ್ದು ಕಡಿಮೆ, ಗುರುತು ಹಿಡಿಯಲು ತಡವಾಯಿತು. ತನ್ನನ್ನು ಕಂಡು ಒಬ್ಬಳ ಕೈಗಳು ನಿಂತದ್ದನ್ನು ನೋಡಿ ಅವಳೇ ಎಂದು ತಿಳಿದಳು.

ದೇವವ್ವ ಎದ್ದು ಬಂದು, ಮಾತಾಡದೆ ಕೈಸನ್ನೆಯಲ್ಲಿ ಹೊರಗೆ ಕರೆದಳು. ಅಂಗಳದಾಚೆ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಬಸ್ಸಿನಲ್ಲಿ ನೂರು ರೀತಿಯಲ್ಲಿ ಜೋಡಿಸಿಕೊಂಡ ಮಾತು ಕಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಮುಗಿಯಿತು.

“ನಂದ ತಪ್ಪಾತು, ದೇವವ್ವ. ಬಾ. ಇನ್ನ ಮ್ಯಾಲ ಮೊದಲ ನಿನ್ನ ಹೆಸರ ಹೇಳಸ್ತೇನಿ, ಆಮ್ಯಾಲ ನಂದು.”

ದೇವವ್ವ ಮುಖದ ಬಟ್ಟೆ ಬಿಚ್ಚಿದಳು. ಏನೋ ಹೇಳಿದಳು, ಮಂಗಳವ್ವನಿಗೆ ಕೇಳಿಸಲಿಲ್ಲ. ಹತ್ತಿರ ಸರಿದು, ಅಭ್ಯಾಸದಂತೆ ಎಡಗಿವಿ ಕೊಟ್ಟಳು. ಒಣಗಿದ ಎಲೆಯ ಮೇಲೆ ನಡೆದಂಥ ಸದ್ದು, ಅದರೊಳಗೆ ಮಾತುಗಳು. ಚಳಿಗಾಲದಲ್ಲಿ ಕೆಮ್ಮು ಹಿಡಿಯಿತಂತೆ, ಕೆಮ್ಮು ಹೋಯಿತಂತೆ, ಹೋಗುವಾಗ ದನಿಯನ್ನೂ ಒಯ್ದಿತಂತೆ. ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸಿದರೆ ಧೂಳಿನಿಂದ ದೂರವಿರಬೇಕು, ದನಿ ತಿರುಗಿ ಬಂದರೂ ಬಂತು, ಬರದಿದ್ದರೂ ಇಲ್ಲ ಎಂದರಂತೆ. ದೂರವಿದ್ದರೆ ಒಲೆ ಹೊತ್ತುವುದು ಹೇಗೆ, ಅದನ್ನು ಅವರು ಹೇಳಲಿಲ್ಲವಂತೆ. ಹಾವೇರಿಯ ಸುದ್ದಿಯೂ ಮುಟ್ಟಿತ್ತು. ಯಾರೋ ವಿಡಿಯೋ ಹಿಡಿದು ಹರಿಯಬಿಟ್ಟಿದ್ದು ಬೆಳಗಾಗುವಷ್ಟರಲ್ಲಿ ಅಂಗಳದ ಹೆಂಗಸರ ಫೋನುಗಳಿಗೂ ಬಂದಿತ್ತು. ಎಲ್ಲರೂ ನಕ್ಕು, ಆ ದೇವವ್ವ ನೀನೇನಾ ಎಂದು ಕೇಳಿದ್ದರು.

“ಏನಂದಿ?” ಎಂದಳು ಮಂಗಳವ್ವ.

“ಅಲ್ಲ ಅಂದೆ.”

ಕರೆದದ್ದು ತಡವಾಗಿತ್ತು. ತಾನು ಡಬ್ಬಿಯ ಗುಂಡಿ ತಿರುಗಿಸುತ್ತ ಕೂತ ಕಾಲದಲ್ಲಿ ಇವಳು ಇಲ್ಲಿ ಘಾಟು ಕುಡಿಯುತ್ತಿದ್ದಳು. ಕಾರ್ಯಕ್ರಮದ ದುಡ್ಡು ನಿಂತದ್ದಕ್ಕೇ ಈ ಕೂಲಿ, ಈ ಕೂಲಿಗೇ ಈ ಗಂಟಲು. ಎಣಿಸುತ್ತ ಹೋದರೆ ಎಲ್ಲವೂ ಬಸ್ ಸ್ಟ್ಯಾಂಡಿನ ಆ ನಗುವಿಗೆ ಹೋಗಿ ಮುಟ್ಟುತ್ತಿತ್ತು. ಆಕೆ ದೇವವ್ವನ ಕೈ ಹಿಡಿದುಕೊಂಡಳು, ಖಾರ ಹತ್ತಿದ ಬೆರಳುಗಳು ಅಂಗೈಯನ್ನು ಸುಟ್ಟವು, ಬಿಡಲಿಲ್ಲ.

ದೇವವ್ವ, ಮರೆತದ್ದು ಯಾವ ನುಡಿ ಎಂದು ಕೇಳಿದಳು. ತಂಗಿ ದಂಡೆಯ ಮೇಲೆ ನಿಂತದ್ದು, ಅಲ್ಲಿಂದ ಮುಂದೆ ಎಂದು ಮಂಗಳವ್ವ ಹೇಳಿದಳು. ದೇವವ್ವ ಉಗುಳು ನುಂಗಿ, ಹಾಡಲಾಗದೆ, ಆಡುವುದಕ್ಕೂ ಕಷ್ಟಪಡುತ್ತ ಶುರುಮಾಡಿದಳು.

“ಅಣ್ಣ ಬರದ ಹಾದಿ ಮ್ಯಾಲ ಗರಿಕಿ ಬೆಳದಾವ...”

ಇವಳ ಬಾಯಿಂದ ನುಡಿ ಕೇಳುವುದೆಂದರೆ ಕಿವಿಗೆ ಬಿದ್ದ ಅರ್ಧ ಮಾತು, ಅಷ್ಟೇ ಮಂಗಳವ್ವನಿಗೆ ಗೊತ್ತಿದ್ದದ್ದು. ಮುಂದೆ ನಿಂತು ಹೇಳುವುದನ್ನು ಒಮ್ಮೆಯೂ ಕೇಳಿರಲಿಲ್ಲ. ಇನ್ನು ಹಿಮ್ಮೇಳ ತನ್ನದು ಎಂದು ತಿಳಿದು, ತುಂಬು ಕಂಠದಲ್ಲಿ ಗೀಯ ಗಾ ಎಂದು ಎತ್ತಿಕೊಂಡಳು. ಅಂಗಳದ ಹೆಂಗಸರು ತಿರುಗಿ ನೋಡಿದರು.

ದೇವವ್ವ ಕೈ ಎತ್ತಿ ತಡೆದಳು.

“ತಡಿ ಮಂಗಳಕ್ಕ. ನಂದಿನ್ನೂ ಮುಗದಿಲ್ಲ.”

ಮಂಗಳವ್ವ ಬಾಯಿ ಮುಚ್ಚಿಕೊಂಡು, ದೇವವ್ವನ ಎಡಗಡೆಗೆ ಸರಿದು, ಕಾಯುತ್ತ ಕುಳಿತಳು.